ಹಳ್ಳಿ ರಸ್ತೆಯ ಸ್ನೋ ತೆಗೆಸೋಕೆ ಯಾರ ಬಾಗಿಲು ತಟ್ಟಬೇಕು?

ಆಗುಂಬೆ_ಕಡೆಯವ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾದಲ್ಲಿ, ಸುಪೀರಿಯರ್ ಸರೋವರದ ಕಡೆಗೆ. ಪೇಟೆಯಿಂದ ಹೊರಗೆ, ಜಲ್ಲಿ ರಸ್ತೆ. ನಮ್ಮ ಮನೆ ದಾಟಿ ಸ್ವಲ್ಪ ದೂರ ಹೋದರೆ ಕಾಡು, ರಸ್ತೆ ಅಲ್ಲಿಗೇ ಮುಗಿಯುತ್ತದೆ. ಇಡೀ ರಸ್ತೆಗೆ ನಾಲ್ಕೇ ಮನೆ.

ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹಿಮ ತಳ್ಳುವ ಪ್ಲೌ ಟ್ರಕ್ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಎರಡನೇ ಮನೆಯ ಹತ್ತಿರ ತಿರುಗಿಸಿಕೊಂಡು ವಾಪಸ್ ಹೋಗುತ್ತದೆ. ಅಲ್ಲಿಂದ ನಮ್ಮ ಮನೆ ಅರ್ಧ ಮೈಲಿ. ಬರುವ ಹೊತ್ತೂ ಮಧ್ಯಾಹ್ನ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಬೆಳಗ್ಗೆ ಆರಕ್ಕೆ ಹೊರಡಬೇಕು. ಕೊನೇ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ, ಅಜ್ಜನಿಗೆ ಮನೆಯಲ್ಲೇ ಆಕ್ಸಿಜನ್ ಹಾಕಿರುತ್ತಾರೆ. ಆಂಬ್ಯುಲೆನ್ಸ್ ಬರಬೇಕಾದರೆ ಏನು ಗತಿ?

ಟೌನ್‌ಶಿಪ್ (ಇಲ್ಲಿನ ಊರ ಪಂಚಾಯ್ತಿ ಅನ್ನಿ) ಆಫೀಸಿನಲ್ಲಿ ಕೇಳಿದೆ. "ರಸ್ತೆ ನಮ್ಮದಲ್ಲ" ಅಂದರು. ಕೌಂಟಿಗೆ ಫೋನ್ ಮಾಡಿದರೆ "ನಿಮ್ಮ ರಸ್ತೆ ಲಿಸ್ಟಲ್ಲಿದೆ" ಅಂತಾರೆ, ಅಷ್ಟೇ. ಇಲ್ಲಿ ಯಾರಿಗಾದರೂ ಇದರ ಅನುಭವ ಇದೆಯಾ? ಯಾರನ್ನು ಹಿಡಿಯಬೇಕು, ಹೇಗೆ ಕೇಳಬೇಕು?

ಕಾಫಿ_ಇಲ್ದೆ_ಆಗಲ್ಲ

ಅಯ್ಯೋ, ಆ ಕಡೆ ಸ್ನೋ ಅಂದ್ರೆ ಸುಮ್ನೆ ಅಲ್ಲ ಮಾರಾಯ್ರೇ. ಕೀವಿನಾದಲ್ಲಿ ಹೆದ್ದಾರಿ ಪಕ್ಕ ಒಂದು ದೊಡ್ಡ ಅಳತೆ ಕಂಬ ನೆಟ್ಟಿದ್ದಾರೆ, ನೋಡಿದೀರಾ? 1978-79ರ ಚಳಿಗಾಲದ ದಾಖಲೆ 390.4 ಇಂಚು ಅಂತ ಅದರಲ್ಲಿ ಗುರುತು ಮಾಡಿದ್ದಾರೆ. 32 ಅಡಿಗಿಂತ ಜಾಸ್ತಿ! ನಾನು ಟೆಕ್ಸಸ್‌ನಲ್ಲಿ ಆರಾಮಾಗಿದ್ದೀನಿ, ಸಲಹೆ ಏನೂ ಇಲ್ಲ. ಓದ್ತಾ ಇರ್ತೀನಿ.

ಡೆಟ್ರಾಯ್ಟ್_ದೇಸಾಯಿ

ಮನೆ ತೆರಿಗೆ ಕಟ್ಟುತ್ತೀರಲ್ಲ? ಅದರ ರಸೀದಿ ತಗೊಂಡು ಹೋಗಿ ಮೇಜಿನ ಮೇಲೆ ಇಡಿ. ಇಷ್ಟು ದುಡ್ಡು ತಗೊಂಡು ರಸ್ತೆ ಕ್ಲೀನ್ ಮಾಡಲ್ಲ ಅಂದರೆ ಏನರ್ಥ? ಬಗ್ಗದಿದ್ದರೆ ವಕೀಲರಿಂದ ಒಂದು ನೋಟಿಸ್ ಕೊಡಿಸಿ.

ರಸ್ತೆ_ಇಂಜಿನಿಯರ್

ದೇಸಾಯಿಯವರೇ, ಆ ರಸೀದಿ ಅಲ್ಲಿ ಕೆಲಸಕ್ಕೆ ಬರಲ್ಲ. ನಾನು ಬೇರೆ ರಾಜ್ಯದಲ್ಲಿ ಸಾರಿಗೆ ಇಲಾಖೆಯಲ್ಲಿದ್ದೇನೆ. ಮೊದಲು ಮಿಷಿಗನ್‌ನಲ್ಲೇ ಕೆಲಸ ಮಾಡುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಮಿಷಿಗನ್‌ನಲ್ಲಿ ಟೌನ್‌ಶಿಪ್‌ಗಳ ಕೈಯಲ್ಲಿ ರಸ್ತೆಗಳಿಲ್ಲ. ಹಿಂದೆ ಇದ್ದವು. 1931ರಲ್ಲಿ ಒಂದು ಕಾನೂನು ತಂದು ಅವನ್ನೆಲ್ಲ ಹಂತ ಹಂತವಾಗಿ ಕೌಂಟಿಗಳಿಗೆ ಒಪ್ಪಿಸಿದರು. ಆವತ್ತಿನಿಂದ ಹಳ್ಳಿ ಕಡೆಯ ಸಾರ್ವಜನಿಕ ರಸ್ತೆಗಳೆಲ್ಲ ಕೌಂಟಿ ರೋಡ್ ಕಮಿಷನ್‌ಗೆ ಸೇರಿವೆ. ಕೆಲವು ಕೌಂಟಿಗಳು ಕಮಿಷನ್ ತೆಗೆದು ಅದನ್ನು ಇಲಾಖೆ ಮಾಡಿಕೊಂಡಿವೆ, ಕೆಲಸ ಅದೇ. ಹಾಗಾಗಿ ಟೌನ್‌ಶಿಪ್‌ನವರು "ನಮ್ಮದಲ್ಲ" ಅಂದಿದ್ದು ಜಾರಿಕೊಳ್ಳೋಕೆ ಹೇಳಿದ ಮಾತಲ್ಲ, ನಿಜವೇ.

ಇನ್ನು ದುಡ್ಡು. ಮನೆ ತೆರಿಗೆಯಲ್ಲಿ ದೊಡ್ಡ ಪಾಲು ಶಾಲೆಗಳಿಗೂ ಕೌಂಟಿಯ ಬೇರೆ ಕೆಲಸಗಳಿಗೂ ಹೋಗುತ್ತದೆ. ರಸ್ತೆಗೆ ಅಂತಲೇ ಜನ ವೋಟು ಹಾಕಿ ವಿಶೇಷ ತೆರಿಗೆ ಒಪ್ಪಿದ್ದರೆ ಮಾತ್ರ ಅದರಲ್ಲಿ ರಸ್ತೆಗೂ ಪಾಲು. ಮುಖ್ಯವಾದ ದುಡ್ಡು ಬರುವುದು ಪೆಟ್ರೋಲ್ ಡೀಸೆಲ್ ತೆರಿಗೆ ಮತ್ತು ಗಾಡಿ ನೋಂದಣಿ ಶುಲ್ಕದಿಂದ. 1951ರ ಆಕ್ಟ್ 51 ಪ್ರಕಾರ ಅದನ್ನು ಹಂಚುತ್ತಾರೆ. ಮೊದಲು ಬೇರೆ ಕೆಲವು ಬಾಬ್ತಿಗೆ ತೆಗೆದಿಟ್ಟು ಉಳಿದದ್ದರಲ್ಲಿ ರಾಜ್ಯಕ್ಕೆ 39.1%, ಕೌಂಟಿಗಳಿಗೆ 39.1%, ಉಳಿದ 21.8% ಸಿಟಿ ಮತ್ತು ವಿಲೇಜುಗಳಿಗೆ. ಟೌನ್‌ಶಿಪ್‌ಗೆ ಸೊನ್ನೆ. ಜಾಸ್ತಿ ಹಿಮ ಬೀಳುವ ಕೌಂಟಿಗಳಿಗೆ ಅಂತ ಬೇರೆ ಸ್ವಲ್ಪ ದುಡ್ಡು ತೆಗೆದಿಡುತ್ತಾರೆ.

ನೋಟಿಸ್ ವಿಷಯ. ತಾನಾಗಿ ಬಿದ್ದು ಕೂತ ಹಿಮಕ್ಕೆ ಸರ್ಕಾರ ಹೊಣೆಯಲ್ಲ ಅಂತಲೇ ಸಾಮಾನ್ಯವಾಗಿ ಇಲ್ಲಿನ ಕೋರ್ಟುಗಳು ಹೇಳುತ್ತಾ ಬಂದಿವೆ. ವಕೀಲರಿಗೆ ಕೊಡುವ ದುಡ್ಡಲ್ಲಿ ಹಿಮ ತೂರುವ ಒಳ್ಳೇ ಸ್ನೋಬ್ಲೋವರ್ ಬರುತ್ತದೆ.

ಆಗುಂಬೆಯವರೇ, ಮೊದಲು ಒಂದು ಕೆಲಸ ಮಾಡಿ. ಪ್ರತಿ ಕೌಂಟಿಯಲ್ಲೂ ಆಕ್ಟ್ 51 ನಕ್ಷೆ ಇರುತ್ತದೆ. ಯಾವ ರಸ್ತೆ ಎಲ್ಲಿಯವರೆಗೆ ಕೌಂಟಿಯದು ಅನ್ನೋದನ್ನು ಅದರಲ್ಲಿ ನೋಡಬಹುದು. ನಿಮ್ಮ ಕೊನೇ ಅರ್ಧ ಮೈಲಿ ಅದರಲ್ಲಿ ಇದೆಯಾ? ಇದ್ದರೆ ವರ್ಷವಿಡೀ ನೋಡಿಕೊಳ್ಳುವ ರಸ್ತೆಯಾ, ಇಲ್ಲಾ ಸೀಸನಲ್ ಅಂತ ಗುರುತು ಮಾಡಿದ್ದಾರಾ? ಸೀಸನಲ್ ಆಗಿದ್ದರೆ ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಅವರು ಪ್ಲೌ ಮಾಡಬೇಕಾಗಿಯೇ ಇಲ್ಲ. ಖಾಸಗಿ ರಸ್ತೆಯಾಗಿದ್ದರಂತೂ ಅಲ್ಲಿಗೆ ಸಾರ್ವಜನಿಕ ದುಡ್ಡು ಹಾಕುವ ಹಾಗೇ ಇಲ್ಲ. ಇದು ಗೊತ್ತಾಗದೆ ಮುಂದಿನ ಮಾತೇ ಇಲ್ಲ.

ಮಿನೆಸೋಟ_ಅಕ್ಕ

ಇಂಜಿನಿಯರ್ ಸರ್ ಹೇಳಿದ್ದು ಮಿಷಿಗನ್‌ಗೆ ಸರಿ. ಬೇರೆ ರಾಜ್ಯದವರು ಇದನ್ನು ಓದಿ ಸೀದಾ ಕೌಂಟಿಗೆ ಓಡಬೇಡಿ. ನಮ್ಮ ಮಿನೆಸೋಟದಲ್ಲಿ ಟೌನ್‌ಶಿಪ್‌ಗೇ ಸ್ವಂತ ರಸ್ತೆಗಳಿವೆ. ಪ್ಲೌ ಮಾಡಿಸೋದೂ ಅವರೇ. ಕೆಲವರ ಹತ್ತಿರ ಸ್ವಂತ ಗ್ರೇಡರ್ (ರಸ್ತೆ ಸಮ ಮಾಡುವ ಬ್ಲೇಡಿನ ಯಂತ್ರ) ಇದೆ, ಎಷ್ಟೋ ಕಡೆ ಕಂಟ್ರಾಕ್ಟ್ ಕೊಡುತ್ತಾರೆ.

ನನಗೆ ಇಲ್ಲಿ ತುಂಬಾ ಇಷ್ಟವಾದದ್ದು ಮಾರ್ಚ್ ತಿಂಗಳ ಎರಡನೇ ಮಂಗಳವಾರದ ವಾರ್ಷಿಕ ಸಭೆ. ಊರಿನ ಮತದಾರರೆಲ್ಲ ಟೌನ್ ಹಾಲ್‌ನಲ್ಲಿ ಕೂತು ಮುಂದಿನ ವರ್ಷಕ್ಕೆ ಎಷ್ಟು ತೆರಿಗೆ ಹಾಕಬೇಕು ಅಂತ ತಾವೇ ಕೈ ಎತ್ತಿ ತೀರ್ಮಾನ ಮಾಡುತ್ತಾರೆ. ಪ್ರತಿನಿಧಿಗಳು ಅಲ್ಲ, ಜನರೇ! ರಸ್ತೆಗೆ ಜಾಸ್ತಿ ಬೇಕು ಅಂದರೆ ಅಲ್ಲೇ ಕೇಳಬೇಕು. ನಮ್ಮಲ್ಲಿ ಬರುವವರು ಬೆರಳೆಣಿಕೆಯಷ್ಟು ಜನ. ಆಮೇಲೆ ಜನವರಿಯಲ್ಲಿ ಎಲ್ಲರೂ ಬೈಯುತ್ತಾ ಕೂರುತ್ತಾರೆ. ವೋಟು ಹಾಕೋಕೆ ಸಿಟಿಜನ್ ಆಗಿರಬೇಕು, ಆದರೆ ಹೋಗಿ ಕೂತು ಕೇಳೋಕೆ ಯಾರೂ ಬೇಡ ಅನ್ನಲ್ಲ. ನಾನು ಗ್ರೀನ್ ಕಾರ್ಡ್‌ನಲ್ಲಿದ್ದಾಗಲೂ ಹೋಗುತ್ತಿದ್ದೆ.

ಬಫೆಲೊ_ಭಟ್ರು

ನ್ಯೂಯಾರ್ಕ್ ರಾಜ್ಯದ ಹಳ್ಳಿಗಳ ಕಡೆ ಮತ್ತೊಂದು ಥರ. ಇಲ್ಲಿ ಟೌನ್‌ಗಳಿಗೆ ಹೈವೇ ಸೂಪರಿಂಟೆಂಡೆಂಟ್ ಅಂತ ಇರುತ್ತಾರೆ. ಹೆಚ್ಚಿನ ಕಡೆ ಜನರೇ ಓಟು ಹಾಕಿ ಆರಿಸುತ್ತಾರೆ. ಓಟು ಕೇಳೋಕೆ ಬರುವ ಮನುಷ್ಯನೇ ಪ್ಲೌ ಕಳಿಸುವ ಮನುಷ್ಯ, ಹಾಗಾಗಿ ಫೋನ್ ಎತ್ತುತ್ತಾನೆ! ಸೀಸನಲ್ ರಸ್ತೆ ಇಲ್ಲೂ ಇದೆ. ಸಾಮಾನ್ಯವಾಗಿ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಆ ಕಡೆ ತಲೆ ಹಾಕಲ್ಲ. ಹಳ್ಳಿಯಲ್ಲಿ ಮನೆ ನೋಡೋಕೆ ಹೋಗುವವರು ಆ ಬೋರ್ಡ್ ಇದೆಯಾ ಅಂತ ಮೊದಲು ನೋಡಿ.

ಡೆಟ್ರಾಯ್ಟ್_ದೇಸಾಯಿ

ಸರಿ, ದುಡ್ಡಿನ ಲೆಕ್ಕ ಅರ್ಥವಾಯಿತು. ಹಾಗಾದರೆ ಇನ್ನೊಂದು ಪ್ರಶ್ನೆ, ಯಾರೂ ಬೇಜಾರು ಮಾಡ್ಕೋಬೇಡಿ. ನಾಲ್ಕು ಮನೆಗೋಸ್ಕರ ಇಡೀ ಕೌಂಟಿಯ ಟ್ರಕ್ಕು ಬೆಳಗಿನ ಜಾವ ಕಾಡಿನವರೆಗೆ ಬರಬೇಕು ಅಂದರೆ ನ್ಯಾಯವಾ? ಅದೇ ಟ್ರಕ್ಕು ಶಾಲೆ ಬಸ್ಸಿನ ದಾರಿ ಬಿಟ್ಟು ಬರಬೇಕಲ್ವಾ? ಕಾಡಂಚಿನ ಮನೆ ಬೇಕು ಅಂತ ಆರಿಸಿಕೊಂಡಿದ್ದು ನಾವೇ ತಾನೇ.

ಆಗುಂಬೆ_ಕಡೆಯವ

ಬೇಜಾರೇನಿಲ್ಲ. ಆದರೆ ಕೊನೇ ಮನೆಯ ಅಜ್ಜ ಆ ಮನೆಯಲ್ಲೇ ಹುಟ್ಟಿದವರು. ಫಿನ್‌ಲ್ಯಾಂಡಿನಿಂದ ಬಂದ ಕುಟುಂಬ, ಅವರ ತಂದೆ ತಾಮ್ರದ ಗಣಿಯಲ್ಲಿದ್ದರಂತೆ. ಅವರು ಯಾವ ಚಂದದ ನೋಟಕ್ಕೂ ಬಂದು ಕೂತಿಲ್ಲ. ಇನ್ನು ಪೆಟ್ರೋಲ್ ತೆರಿಗೆ ನಾವೂ ಕಟ್ಟುತ್ತೇವೆ. ಹಳ್ಳಿಯಲ್ಲಿ ಎಲ್ಲಿಗೆ ಹೋದರೂ ದೂರ, ಪೇಟೆಯವರಿಗಿಂತ ಜಾಸ್ತಿಯೇ ಕಟ್ಟುತ್ತೇವೆ ಅನ್ನಬಹುದು. ಹೆದ್ದಾರಿ ಬಿಟ್ಟು ನಮ್ಮ ಕಡೆ ಮೊದಲು ಬನ್ನಿ ಅಂತ ಕೇಳುತ್ತಿಲ್ಲ. ಬಂದಾಗ ಕೊನೆಯವರೆಗೆ ಬನ್ನಿ ಅಂತ ಕೇಳುತ್ತಿದ್ದೇನೆ.

ನಕ್ಷೆ ನೋಡಿದೆ. ರಸ್ತೆ ಕೊನೆಯವರೆಗೂ ಕೌಂಟಿಯದೇ. ಸೀಸನಲ್ ಅಂತ ಗುರುತಿಲ್ಲ. ಇಂಜಿನಿಯರ್ ಸರ್, ಈಗ?

ರಸ್ತೆ_ಇಂಜಿನಿಯರ್

ಒಳ್ಳೇದಾಯಿತು. ಈಗ "ಯಾಕೆ ಪ್ಲೌ ಮಾಡಲ್ಲ" ಅನ್ನೋದಕ್ಕಿಂತ "ಟ್ರಕ್ಕು ಎರಡನೇ ಮನೆ ಹತ್ತಿರವೇ ಯಾಕೆ ತಿರುಗುತ್ತದೆ" ಅಂತ ಕೇಳಿ. ನನ್ನ ಊಹೆ ಹೇಳ್ತೀನಿ: ಕೊನೆಯಲ್ಲಿ ತಿರುಗಿಸೋಕೆ ಜಾಗ ಇಲ್ಲ. ಆ ಟ್ರಕ್ಕಿಗೆ ಮುಂದೊಂದು ಬ್ಲೇಡು, ಪಕ್ಕದಲ್ಲಿ ರೆಕ್ಕೆಯ ಹಾಗೆ ಇನ್ನೊಂದು, ಹಿಂದೆ ಮರಳಿನ ಲೋಡು. ಎರಡೂ ಕಡೆ ಎದೆಮಟ್ಟ ಹಿಮದ ಗೋಡೆ ಇರುವಾಗ ಅರ್ಧ ಮೈಲಿ ರಿವರ್ಸ್ ಬರೋದು ಅಂದರೆ ಡ್ರೈವರ್‌ಗೆ ಪ್ರಾಣಸಂಕಟ. ಹಿಂದೆ ಮಗುವೋ ನಾಯಿಯೋ ಇದ್ದರೂ ಕಾಣಲ್ಲ.

ಹೊತ್ತಿನ ವಿಷಯ. ಎಲ್ಲ ಕೌಂಟಿಯಲ್ಲೂ ಒಂದು ಸರತಿ ಇರುತ್ತದೆ. ಮೊದಲು ರಾಜ್ಯ ಹೆದ್ದಾರಿಗಳು. ಮಿಷಿಗನ್‌ನ ಬಹಳ ಕೌಂಟಿಗಳಲ್ಲಿ ರಾಜ್ಯದವರು ಆ ಕೆಲಸವನ್ನು ಕೌಂಟಿಗೇ ದುಡ್ಡು ಕೊಟ್ಟು ಒಪ್ಪಿಸಿದ್ದಾರೆ. ಆಮೇಲೆ ಕೌಂಟಿಯ ದೊಡ್ಡ ರಸ್ತೆಗಳು, ಆಮೇಲೆ ಡಾಂಬರಿನ ಸಣ್ಣ ರಸ್ತೆಗಳು, ಕೊನೆಗೆ ಜಲ್ಲಿ ರಸ್ತೆಗಳು. ಅದರಲ್ಲೂ ಮುಂದೆ ದಾರಿಯಿಲ್ಲದ ರಸ್ತೆಗಳು ಬಾಲದಲ್ಲಿ. ಅಷ್ಟರಲ್ಲಿ ಸರೋವರದ ಕಡೆಯಿಂದ ಇನ್ನೊಂದು ಹೊಡೆತ ಬಂದರೆ ಮತ್ತೆ ಹೆದ್ದಾರಿಯಿಂದ ಶುರು. ನೀವು ಮಧ್ಯಾಹ್ನದ ಹೊತ್ತಿಗೆ ಬೀಳೋದು ಅದಕ್ಕೇ. ಇದನ್ನು ಬದಲಾಯಿಸಿ ಅಂತ ಕೇಳಬೇಡಿ, ಆಗಲ್ಲ. ತಿರುಗುವ ಜಾಗದ ವಿಷಯ ಕೇಳಿ, ಆಗಬಹುದು.

ಕಾಫಿ_ಇಲ್ದೆ_ಆಗಲ್ಲ

ದಡ್ಡ ಪ್ರಶ್ನೆ. ರಾತ್ರಿಯೇ ಉಪ್ಪು ಸುರಿದು ಹೋದರೆ ಆಗಲ್ವಾ?

ರಸ್ತೆ_ಇಂಜಿನಿಯರ್

ಜಲ್ಲಿ ರಸ್ತೆಗೆ ಉಪ್ಪು ಹಾಕಲ್ಲ. ಹಿಮ ಕರಗಿ ನೀರು ಕೆಳಗಿಳಿದರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮಣ್ಣು ಮೆತ್ತಗಾಗುತ್ತದೆ, ಗಾಲಿ ಹೂತು ರಸ್ತೆಯೇ ಹಾಳು. ಇನ್ನೊಂದು, 15 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಬರೀ ಉಪ್ಪು ಹೆಚ್ಚು ಕೆಲಸವನ್ನೂ ಮಾಡಲ್ಲ. ಅಪ್ಪರ್ ಪೆನಿನ್ಸುಲಾದಲ್ಲಿ ಎಷ್ಟು ರಾತ್ರಿ ಅದಕ್ಕಿಂತ ಬೆಚ್ಚಗಿರುತ್ತವೆ ಹೇಳಿ. ಹಾಗಾಗಿ ಮರಳು ಹಾಕುತ್ತಾರೆ. ಅದು ಏನನ್ನೂ ಕರಗಿಸಲ್ಲ, ಗಾಲಿಗೆ ಹಿಡಿತ ಕೊಡುತ್ತದೆ.

ಬ್ಲೇಡನ್ನೂ ನೆಲಕ್ಕೆ ತಾಗಿಸಿ ಎಳೆಯಲ್ಲ, ಜಲ್ಲಿ ಎಲ್ಲ ಎದ್ದು ಚರಂಡಿಗೆ ಹೋಗುತ್ತದೆ. ಅದಕ್ಕೇ ತೆಳುವಾಗಿ ಒಂದು ಪದರ ಬಿಡುತ್ತಾರೆ. "ಸರಿಯಾಗಿ ಕೆರೆದಿಲ್ಲ" ಅಂತ ದೂರು ಕೊಡುವವರು ಇದನ್ನು ತಿಳ್ಕೊಂಡಿದ್ದರೆ ಒಳ್ಳೇದು.

ಕೊಡಗಿನ_ಫೌಜಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಅಮೆರಿಕ ನೋಡಿಲ್ಲ, ಆದರೆ ಹಿಮ ನೋಡಿದ್ದೇನೆ. ನಮ್ಮ ಯೂನಿಟ್ ಲಡಾಖ್ ಕಡೆ ಇದ್ದಾಗ ಜೋಜಿ ಲಾ ಬೆಟ್ಟದಾರಿ ತೆರೆಯೋದನ್ನೇ ಎಲ್ಲರೂ ಕಾಯುತ್ತಿದ್ದೆವು. ಹನ್ನೊಂದೂವರೆ ಸಾವಿರ ಅಡಿ ಎತ್ತರ. ಬಿಆರ್‌ಒದವರು (ಗಡಿ ರಸ್ತೆ ಸಂಸ್ಥೆ) ಎರಡೂ ಕಡೆಯಿಂದ ಹಿಮ ಕಡಿಯುತ್ತಾ ಬರುತ್ತಾರೆ. ಅದು ಸೈನ್ಯಕ್ಕೆ ಬೇಕಾದ ದಾರಿ, ಆದ್ದರಿಂದ ಯಂತ್ರವೂ ಬರುತ್ತದೆ, ಜನವೂ ಬರುತ್ತಾರೆ. ಪಕ್ಕದ ಹಳ್ಳಿಗೆ ಹೋಗುವ ಸಣ್ಣ ರಸ್ತೆಗೆ ಆ ಭಾಗ್ಯ ಇಲ್ಲ. ಅಲ್ಲಿಯ ಜನ ಸಲಿಕೆ ಹಿಡಿದು ತಾವೇ ಕಾಲುದಾರಿ ಮಾಡಿಕೊಳ್ಳೋದನ್ನು ನೋಡಿದ್ದೇನೆ.

ಹಿಮಾಚಲದ ಲಾಹೌಲ್‌ನವರಂತೂ 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯುವವರೆಗೆ ಚಳಿಗಾಲವೆಲ್ಲ ಆಚೆ ಕಡೆ ಸಿಕ್ಕಿಕೊಂಡಿರುತ್ತಿದ್ದರು. ಈಗಲೂ ದೊಡ್ಡ ರಸ್ತೆವರೆಗೆ ಬರೋದೇ ಕಷ್ಟ. ಎಲ್ಲ ಕಡೆ ಕೊನೇ ಅರ್ಧ ಮೈಲಿಯದೇ ಗೋಳು ಅಂತ ಕಾಣುತ್ತೆ.

ಹುಬ್ಬಳ್ಳಿ_ಹುಡುಗ

ಫೌಜಿ ಅಣ್ಣಾರ ಮಾತು ಖರೇ. ನಮ್ಮಲ್ಲಿ ಹಿಮ ಇಲ್ಲ, ಮಳೆಗಾಲದಾಗ ಗುಡ್ಡ ಕುಸೀತದ. ಆವಾಗ ರಸ್ತಾ ಪಿಡಬ್ಲ್ಯೂಡಿದೋ, ಜಿಲ್ಲಾ ಪಂಚಾಯ್ತಿದೋ, ಗ್ರಾಮ ಪಂಚಾಯ್ತಿದೋ ಅಂತ ಹುಡುಕೂದರಾಗ ಜನಾನೇ ಜೆಸಿಬಿ ತರಿಸಿ ಮಣ್ಣ ತಗದಿರ್ತಾರ. ಅಲ್ಲಿ ನಕ್ಷೆ ನೋಡಿದ್ರ ಗೊತ್ತಾಗತೈತಿ ಅನ್ನೂದ ದೊಡ್ಡದು ನೋಡ್ರಿ.

ಮಿನೆಸೋಟ_ಅಕ್ಕ

ಆಗುಂಬೆಯವರೇ, ಫೋನ್ ಮಾಡೋದು ಬಿಟ್ಟು ಸಭೆಗೆ ಹೋಗಿ. ಫೋನ್ ಎತ್ತುವ ಹುಡುಗಿಗೆ ದಿನಕ್ಕೆ ನೂರು ಬೈಗುಳ ಬಿದ್ದಿರುತ್ತೆ, ಪಾಪ, ಅವಳ ಕೈಯಲ್ಲಿ ಏನೂ ಇಲ್ಲ. ನಾಲ್ಕೂ ಮನೆಯವರು ಸಹಿ ಹಾಕಿದ ಒಂದು ಪುಟದ ಪತ್ರ ಇರಲಿ. ಅಜ್ಜನ ಆಕ್ಸಿಜನ್ ವಿಷಯವನ್ನು ಅವರ ಒಪ್ಪಿಗೆ ಕೇಳಿಯೇ ಬರೆಯಿರಿ. ಟ್ರಕ್ಕು ಎಲ್ಲಿ ತಿರುಗುತ್ತದೆ, ಅಲ್ಲಿಂದ ಮನೆಗಳು ಎಷ್ಟು ದೂರ ಅಂತ ಫೋಟೋ, ನಕ್ಷೆ ಸಮೇತ ಇಡಿ. "ಬಹಳ ತೊಂದರೆ ಆಗುತ್ತಿದೆ" ಅಂತ ಬರೆದರೆ ಯಾರೂ ಏನೂ ಮಾಡಲ್ಲ.

ರಸ್ತೆ_ಇಂಜಿನಿಯರ್

ಅಕ್ಕ ಹೇಳಿದ್ದು ಸರಿ. ಮಿಷಿಗನ್‌ನಲ್ಲಿ 1976ರ ಓಪನ್ ಮೀಟಿಂಗ್ಸ್ ಆಕ್ಟ್ ಇದೆ. ರೋಡ್ ಕಮಿಷನ್ ಬೋರ್ಡಿನ ಸಭೆಗೆ ಯಾರು ಬೇಕಾದರೂ ಹೋಗಬಹುದು, ಜನರಿಗೆ ಮಾತಾಡೋಕೆ ಹೊತ್ತು ಕೊಡಲೇಬೇಕು. ಕೆಲವು ನಿಮಿಷ ಅಷ್ಟೇ ಸಿಗುತ್ತೆ, ಹಾಗಾಗಿ ಒಂದೇ ಬೇಡಿಕೆ ಇಡಿ. ಅದೇ ವರ್ಷದ ಮಾಹಿತಿ ಕಾನೂನಿನಡಿ ಪ್ಲೌ ರೂಟಿನ ದಾಖಲೆಯನ್ನೂ ಕೇಳಬಹುದು. ಆದರೆ ಅದನ್ನು ಮೊದಲನೇ ದಿನವೇ ಮಾಡಬೇಡಿ. ಸಣ್ಣ ಊರು, ಮೊದಲು ಫೋರ್‌ಮನ್ ಜೊತೆ ಮಾತಾಡಿ. ನಿಮ್ಮ ರಸ್ತೆಗೆ ಬರುವ ಡ್ರೈವರ್‌ನ ಹೆಸರು ಗೊತ್ತಿದೆಯಾ? ಗೊತ್ತು ಮಾಡಿಕೊಳ್ಳಿ.

ಬಫೆಲೊ_ಭಟ್ರು

ಇನ್ನೊಂದು ಎಚ್ಚರಿಕೆ. ನಾಲ್ಕು ಮನೆಯವರಿಗೂ ಡ್ರೈವ್‌ವೇ (ಮನೆಯಿಂದ ರಸ್ತೆಗೆ ಗಾಡಿ ಬರುವ ದಾರಿ) ಹಿಮವನ್ನು ರಸ್ತೆಗೆ ಅಡ್ಡಲಾಗಿ ಆಚೆ ಬದಿಗೆ ತಳ್ಳುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಮಿಷಿಗನ್‌ನಲ್ಲಿ ಅದಕ್ಕೆ ದಂಡ ಇದೆ. ದೂರು ಹಿಡಿದು ಹೋದವರ ಮೇಲೇ ಮೊದಲ ಟಿಕೆಟ್ ಬಿದ್ದರೆ ಮುಖ ಎಲ್ಲಿಡೋದು?

ಆಗುಂಬೆ_ಕಡೆಯವ

ಬಹಳ ದಿನ ಈ ಕಡೆ ಬರೋಕೆ ಆಗಲಿಲ್ಲ, ಕ್ಷಮಿಸಿ. ಏನಾಯಿತು ಅಂತ ಹೇಳ್ತೀನಿ.

ಇಂಜಿನಿಯರ್ ಸರ್ ಊಹೆ ಸರಿಯಿತ್ತು. ಫೋರ್‌ಮನ್ ಬಂದು ರಸ್ತೆ ನೋಡಿದರು. ಹಿಂದೆ ಕೊನೇ ಮನೆಯ ಅಜ್ಜನ ಅಂಗಳದಲ್ಲೇ ಟ್ರಕ್ಕು ತಿರುಗುತ್ತಿತ್ತಂತೆ. ಅಜ್ಜ ಅಲ್ಲಿ ಸೌದೆ ಶೆಡ್ ಕಟ್ಟಿಸಿದ ಮೇಲೆ ಜಾಗ ಸಾಲದೆ ಹೋಯಿತು. ಎರಡನೇ ಮನೆಯವರು ತಮ್ಮ ಡ್ರೈವ್‌ವೇ ಬಳಸಿಕೊಳ್ಳಿ ಅಂದಿದ್ದರು, ಅಲ್ಲಿಂದ ಅದೇ ರೂಢಿ ಆಗಿಬಿಟ್ಟಿದೆ. ಆಫೀಸಿನಲ್ಲಿ ಯಾರಿಗೂ ಇದು ಗೊತ್ತೇ ಇರಲಿಲ್ಲ. ಅವರ ಲಿಸ್ಟಿನಲ್ಲಿ ನಮ್ಮ ರಸ್ತೆ ದಿನವೂ "ಆಯಿತು" ಅಂತಲೇ ಇತ್ತು!

ಸಭೆಗೆ ನಾವು ಮೂರು ಮನೆಯವರು ಹೋದೆವು. ಮೊದಲನೇ ಮನೆಯವರು ತಮ್ಮ ಜಮೀನಿನ ಒಂದು ಮೂಲೆಯನ್ನು ತಿರುಗುವ ಜಾಗಕ್ಕೆ ಬಿಡುತ್ತೇವೆ ಅಂದರು. ಅದು ನಮ್ಮ ಮನೆಯಿಂದ ಸ್ವಲ್ಪ ಮುಂದೆ, ಅಜ್ಜನ ಮನೆಗಿಂತ ಸ್ವಲ್ಪ ಹಿಂದೆ. ಬೋರ್ಡಿನವರು ಅದನ್ನು ಈಸ್‌ಮೆಂಟ್ (ಜಾಗ ಬಳಸುವ ಹಕ್ಕು) ಮಾಡಿ ಬರೆದು ಕೊಡಿ ಅಂತ ಕೇಳಿದ್ದಾರೆ. ಜಲ್ಲಿ ಹಾಕೋದು ಬೇಸಿಗೆಯಲ್ಲಿ, ನೆಲ ಕರಗಿ ಗಟ್ಟಿಯಾದ ಮೇಲೆ. ವಸಂತದಲ್ಲಿ ಭಾರದ ಗಾಡಿ ಓಡಾಡೋಕೆ ಮಿತಿ ಇರುತ್ತಲ್ಲ, ಅದು ಮುಗಿಯಬೇಕು. ಅಲ್ಲಿಯವರೆಗೆ ದೊಡ್ಡ ಟ್ರಕ್ಕಿನ ಬದಲು ಗ್ರೇಡರ್ ಕಳಿಸುತ್ತೇವೆ ಅಂದಿದ್ದಾರೆ. ಅದು ಬರುತ್ತಿದೆ, ಆದರೆ ದಿನಾ ಅಲ್ಲ. ಬೆಳಗಿನ ಹೊತ್ತು ಬದಲಾಗಿಲ್ಲ. ಆರು ಗಂಟೆಗೆ ಹೊರಡೋಕೆ ಈಗಲೂ ನಾನೇ ಬ್ಲೋವರ್ ಹಿಡಿಯಬೇಕು. ಅಜ್ಜನ ವಿಳಾಸವನ್ನು ಕೌಂಟಿಯ 911 ತುರ್ತು ಕರೆ ಕೇಂದ್ರದಲ್ಲಿ ಗುರುತು ಮಾಡಿಸಿದ್ದೇವೆ. ಆಂಬ್ಯುಲೆನ್ಸ್ ಕರೆ ಹೋದರೆ ಪ್ಲೌ ಕೂಡ ಕಳಿಸೋಕೆ ಹೇಳುತ್ತೇವೆ ಅಂದಿದ್ದಾರೆ. ನನಗೆ ದೊಡ್ಡ ಸಮಾಧಾನ ಅದೇ.

ಡೆಟ್ರಾಯ್ಟ್_ದೇಸಾಯಿ

ಆ ಸೌದೆ ಶೆಡ್ ಕಥೆ ಚೆನ್ನಾಗಿದೆ. ನೋಟಿಸ್ ಕೊಡಿಸಿದ್ದರೆ ಅದು ಅಜ್ಜನ ಮನೆಗೇ ಹೋಗುತ್ತಿತ್ತೇನೋ! ನನ್ನ ನಾಲ್ಕು ಮನೆ ಪ್ರಶ್ನೆ ಮಾತ್ರ ಹಾಗೇ ಇದೆ. ಆದರೆ ಜಾಗ ಬಿಡೋಕೆ ಜನ ತಯಾರಿದ್ದಾರೆ ಅಂದರೆ ಕೌಂಟಿಯೂ ಬರಲೇಬೇಕು, ಒಪ್ಪುತ್ತೇನೆ.

ರಸ್ತೆ_ಇಂಜಿನಿಯರ್

ಒಳ್ಳೇ ಕೆಲಸ. ಆ ಈಸ್‌ಮೆಂಟ್ ಪತ್ರಕ್ಕೆ ಸಹಿ ಹಾಕುವ ಮೊದಲು ಆ ಮೊದಲನೇ ಮನೆಯವರು ಒಬ್ಬ ವಕೀಲರಿಗೆ ತೋರಿಸಲಿ. ವಕೀಲರ ದುಡ್ಡು ದಂಡವಾಗದ ಜಾಗ ಇದು. ಜಮೀನು ಅವರದೇ ಆಗಿರುತ್ತದೆ, ಬಳಸುವ ಹಕ್ಕು ಮಾತ್ರ ಕೌಂಟಿಗೆ. ಅಳತೆ ಸರಿಯಾಗಿ ಬರೆದಿರಬೇಕು. ಚಳಿಗಾಲದಲ್ಲಿ ಹಿಮದ ರಾಶಿಯನ್ನು ಎಲ್ಲಿ ಒಟ್ಟುತ್ತಾರೆ ಅನ್ನೋದೂ ಅದರಲ್ಲಿ ಇರಲಿ. ಇಲ್ಲವಾದರೆ ಮುಂದಿನ ವರ್ಷ ಅವರ ಬೇಲಿ ಮುರಿದಿರುತ್ತೆ, ನೀವು ಮತ್ತೆ ಇಲ್ಲಿಗೆ ಬರೆಯುತ್ತೀರಿ. ಕೊನೆಗೆ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ನೋಂದಾಯಿಸಿ. ಮನೆ ಮಾರಿ ಹೋದರೂ ಹೊಸಬರು ಒಪ್ಪಬೇಕಲ್ಲ.

ಆಗುಂಬೆ_ಕಡೆಯವ

ಖಂಡಿತ ಹೇಳ್ತೀನಿ ಸರ್. ಈಗ ಹೊಸ ತಲೆನೋವು. ಗ್ರೇಡರ್ ಬರೋಕೆ ಶುರುವಾದ ಮೇಲೆ ಡ್ರೈವ್‌ವೇ ಬಾಯಿಗೆ ಗಟ್ಟಿ ಹಿಮದ ದಿಂಡು ಬೀಳುತ್ತಿದೆ, ಅಂಚೆ ಡಬ್ಬಿಯೂ ಒಂದು ಸಲ ಹಾರಿಹೋಯಿತು.

ಮಿನೆಸೋಟ_ಅಕ್ಕ

ಡ್ರೈವ್‌ವೇಯಲ್ಲಿ ರಸ್ತೆಗೆ ಮುಖ ಮಾಡಿ ನಿಂತುಕೊಳ್ಳಿ. ನೀವು ತೆಗೆದ ಹಿಮವನ್ನೆಲ್ಲ ಬಲಗಡೆಗೆ ಹಾಕಿ. ಎಡಗಡೆ ರಸ್ತೆ ಅಂಚಲ್ಲಿ ಒಂದಿಷ್ಟು ಜಾಗ ಖಾಲಿ ಮಾಡಿ ಇಡಿ. ನಿಮ್ಮ ಬದಿಯ ಪ್ಲೌ ಎಡದಿಂದ ಬರುತ್ತೆ, ಬ್ಲೇಡಿನಲ್ಲಿರೋದು ಆ ಖಾಲಿ ಜಾಗಕ್ಕೆ ಉದುರುತ್ತೆ, ನಿಮ್ಮ ಬಾಯಿಗೆ ಕಡಿಮೆ ಬೀಳುತ್ತೆ. ಪೂರ್ತಿ ನಿಲ್ಲಲ್ಲ, ಸೊಂಟ ಉಳಿಯುತ್ತೆ.

ಡಬ್ಬಿಗೆ ತಿರುಗುವ ತೋಳಿನ ಕಂಬ ಸಿಗುತ್ತದೆ, ಹಿಮ ಬಡಿದರೆ ಆಚೆ ತಿರುಗಿ ವಾಪಸ್ ಬರುತ್ತದೆ. ಅಂಚೆಯವರ ಅಳತೆ ನೆನಪಿರಲಿ: ಡಬ್ಬಿಯ ತಳ ರಸ್ತೆಯಿಂದ 41ರಿಂದ 45 ಇಂಚು ಎತ್ತರ, ಅಂಚಿನಿಂದ 6ರಿಂದ 8 ಇಂಚು ಹಿಂದೆ. ಹಳ್ಳಿ ಕಡೆ ಎಷ್ಟು ಹಿಂದೆ ಅನ್ನೋದನ್ನು ಮಾತ್ರ ನಿಮ್ಮ ಪೋಸ್ಟ್‌ಮಾಸ್ಟರ್ ಹತ್ತಿರ ಒಂದು ಮಾತು ಕೇಳಿ ನೆಡಿ.

ಆಗುಂಬೆ_ಕಡೆಯವ

ಈಗ ನೆಲ ಕಲ್ಲಾಗಿದೆ ಅಕ್ಕ, ಗುಂಡಿ ತೋಡೋಕೆ ಆಗಲ್ಲ. ಸದ್ಯಕ್ಕೆ ಡಬ್ಬಿಯನ್ನು ಒಂದು ಬಕೆಟ್ ಜಲ್ಲಿಯಲ್ಲಿ ನಿಲ್ಲಿಸಿದ್ದೇನೆ. ಪೋಸ್ಟ್‌ಮ್ಯಾನ್ ನೋಡಿ ನಕ್ಕು ಕಾಗದ ಹಾಕಿ ಹೋದರು.